ಮೇಜಿನ ಮೇಲೆ ಎರಡು ಬೆರಳು

ಎಲೆಕೋಸು ಹೆಚ್ಚುವಾಗ ಅಮ್ಮ ಬೆರಳು ಕುಯ್ದುಕೊಂಡಳು. ಗಾಯ ದೊಡ್ಡದಲ್ಲ, ಆದರೆ ರಕ್ತ ಹಲಗೆಯ ಮೇಲಿಳಿದು ಕೋಸಿನ ಬಿಳಿಗೆ ಹತ್ತಿತು. ಆ ಮನೆಯಲ್ಲಿ ಊಟದ ಮೇಜೂ ಅಡುಗೆಮನೆಯಲ್ಲೇ ಇತ್ತು. ಅದರ ಒಂದು ತುದಿಗೆ ಅಜ್ಜಿ ಕೂತು, ಯಾರೋ ಕೊಳಕು ಕಾರ್ಪೆಟ್ಟು ತೊಳೆಯುವುದನ್ನು ಫೋನಿನಲ್ಲಿ ನೋಡುತ್ತಿದ್ದಳು. ರಕ್ತ ಕಂಡರೆ ಅಜ್ಜಿಗೆ ತಲೆ ಸುತ್ತುತ್ತದೆಂದು ಎಲ್ಲರಿಗೂ ಗೊತ್ತು. ಕೆಲಸದಿಂದ ಆಗಷ್ಟೇ ಬಂದು ಚೀಲವನ್ನೂ ಕೆಳಗಿಡದೆ ನಿಂತಿದ್ದ ಮಗಳು, ಅಜ್ಜಿಯ ಮುಂದೆ ಮೇಜಿನ ಮೇಲೆ ಎರಡು ಬೆರಳಿನಿಂದ ಟಕ್ ಟಕ್ ಎಂದು ತಟ್ಟಿ, ಅವಳ ಗಲ್ಲ ಹಿಡಿದು ಮುಖವನ್ನು ಕಿಟಕಿಯ ಕಡೆ ತಿರುಗಿಸಿದಳು.

"ಏನೇ ಪುಟ್ಟಿ, ಕತ್ತು ಮುರೀತೀಯಾ?"

"ಆ ಕಡೆನೇ ನೋಡ್ತಿರು ಅಜ್ಜಿ. ಅಮ್ಮ ಕೈ ತೊಳ್ಕೊಳ್ಲಿ."

ಬಟಾಣಿ ಬಿಡಿಸುತ್ತಿದ್ದ ಅಪ್ಪ ತಲೆಯೆತ್ತಿದ. "ಅದೇನು, ತಟ್ಟಿದ್ದು?"

"ಆಫೀಸಿನ ಚಾಳಿ," ಎಂದಳು ಮಗಳು. ನಕ್ಕಳು ಕೂಡ. ಇತ್ತೀಚೆಗೆ ಅವಳು ನಗುವುದು ಅಪರೂಪವಾಗಿತ್ತು. ಅಮ್ಮ ಬೆರಳನ್ನು ನಲ್ಲಿಯ ಕೆಳಗೆ ಹಿಡಿದುಕೊಂಡೇ ತಿರುಗಿ ನೋಡಿದಳು.

ಮಗಳ ಕೆಲಸ ನೋಡುವುದು. ಜನ ಇಂಟರ್ನೆಟ್ಟಿಗೆ ಹಾಕಿದ ವಿಡಿಯೊಗಳ ಮೇಲೆ ದೂರು ಬಂದರೆ ಅವು ಊರಾಚೆಯ ಒಂದು ಕಟ್ಟಡಕ್ಕೆ ಬರುತ್ತವೆ. ಅಲ್ಲಿ ಸಾಲಾಗಿ ಕೂತ ಹುಡುಗ ಹುಡುಗಿಯರು ಒಂದೊಂದನ್ನೇ ನೋಡಿ, ಇರಲಿ ಅಥವಾ ಬೇಡ ಎಂದು ಒತ್ತುತ್ತಾರೆ. ಹೊಡೆದಾಟ, ಅಪಘಾತ, ಅದಕ್ಕಿಂತ ಕೆಟ್ಟದ್ದು. ಶಬ್ದ ಇಲ್ಲದೆ ನೋಡುವುದು ಅಲ್ಲಿನ ರೂಢಿ. ಅಲ್ಲಿ ನಡೆಯುವುದನ್ನು ಹೊರಗೆ ಹೇಳುವುದಿಲ್ಲವೆಂದು ಸೇರುವಾಗಲೇ ಎಲ್ಲರೂ ಸಹಿ ಹಾಕಿರುತ್ತಾರೆ.

ಊಟಕ್ಕೆ ಕೂತಾಗ ಅಪ್ಪ ಮತ್ತೆ ಕೇಳಿದ. ಮಗಳು ಹೇಳಿದಳು.

"ನನ್ನ ಪಕ್ಕದ ಸೀಟಿನವಳು ಮಾಡ್ಕೊಂಡಿದ್ದು ಅದು. ಗುಬ್ಬಿ ಅಂತೀವಿ ಅವಳನ್ನ. ಊಟ ಹೆಕ್ಕಿ ಹೆಕ್ಕಿ ತಿಂತಾಳೆ, ಅದಕ್ಕೆ. ನಮ್ಮಿಬ್ಬರ ಸ್ಕ್ರೀನೂ ಅಕ್ಕಪಕ್ಕ. ಅವಳದ್ರಲ್ಲಿ ತುಂಬಾ ಕೆಟ್ಟದ್ದು ಬಂತು ಅನ್ನು, ಮೇಜಿನ ಮೇಲೆ ಎರಡು ಬೆರಳು ತಟ್ತಾಳೆ. ಈ ಕಡೆ ತಿರುಗಬೇಡ ಅಂತ. ನಾನು ಗೋಡೆ ಕಡೆ ತಿರುಗ್ತೀನಿ. ಒಬ್ಬರು ನೋಡಿದ್ರೆ ಸಾಕಲ್ಲ, ಇಬ್ಬರೂ ಯಾಕೆ ನೋಡಬೇಕು ಅಂತಾಳೆ ಅವಳು."

ಅಪ್ಪ ಅಗಿಯುವುದನ್ನು ನಿಲ್ಲಿಸಿದ. ಬಾಯಲ್ಲಿ ತುತ್ತಿದ್ದಂತೆಯೇ ಕಣ್ಣು ದೂರ ಹೋಯಿತು. ಮದುವೆಯಾದಾಗಿನಿಂದ ಅಮ್ಮ ಇದನ್ನು ನೋಡಿದ್ದಳು. ಅಪ್ಪ ಅಗಿಯುವುದು ನಿಲ್ಲಿಸಿದನೆಂದರೆ ಕೇಳಿದ ಮಾತು ಒಳಗೆ ಎಲ್ಲೋ ಕೂತಿದೆ, ಯಾವತ್ತೋ ಒಂದು ದಿನ ಬರಹವಾಗಿ ಹೊರಗೆ ಬರುತ್ತದೆ.

"ಹೊರಗೆ ಎಲ್ಲೂ ಅನ್ನಬೇಡಿ ಮತ್ತೆ," ಎಂದಳು ಮಗಳು.

"ನಂಗೆ ಕಿವಿನೇ ಕೇಳ್ಸಲ್ಲ, ನಾನೇನು ಅನ್ಲಿ," ಎಂದು ಅಜ್ಜಿ ಆಲೂಗಡ್ಡೆ ಹಿಸುಕಿಕೊಂಡಳು.

ಅಪ್ಪ ವಿಶ್ವವಿದ್ಯಾಲಯದಲ್ಲಿ ಮೇಷ್ಟ್ರು. ಅವನ ಅರ್ಧ ಆಯಸ್ಸು ಇಂಟರ್ನೆಟ್ಟನ್ನು ಬೈಯುವುದರಲ್ಲೇ ಹೋಯಿತು ಎಂದು ಅಜ್ಜಿ ಹೇಳುತ್ತಿದ್ದಳು. ಅದು ಪೂರ್ತಿ ನಿಜವಲ್ಲ. ಮೊದಮೊದಲು ಅವನು ಅದನ್ನು ಹೊಗಳಿಯೇ ಬರೆದಿದ್ದ. ಇನ್ನು ಪತ್ರಿಕೆಯ ಮಾಲೀಕರ ಅಪ್ಪಣೆ ಇಲ್ಲದೆ ಯಾರು ಬೇಕಾದರೂ ಮಾತಾಡಬಹುದು ಎಂದು ಬರೆದಾಗ ಅವನ ತಲೆಗೂದಲು ಕಪ್ಪಗಿತ್ತು. ಆಮೇಲೆ, ಮಾತಾಡುವವರು ಯಾರು, ಅದರಿಂದ ಗೆಲ್ಲುವವರು ಯಾರು ಎಂದು ನೋಡುತ್ತ ಹೋದಂತೆ ಅವನ ಬರಹ ಕಹಿಯಾಯಿತು. ಒಬ್ಬರ ಸಂಕಟ ಇನ್ನೊಬ್ಬರ ಸರಕಾಗುತ್ತಿದೆ ಎಂದು ಒಂದು ಪುಸ್ತಕ ಬರೆದ. ಒಮ್ಮೆ ಮೇಲೇರಿಸಿದ್ದು ಮತ್ತೆ ಕೆಳಗಿಳಿಯುವುದಿಲ್ಲ ಎಂಬ ಅದರ ಮಾತನ್ನು ವಿದ್ಯಾರ್ಥಿಗಳು ಕೆಲವು ವರ್ಷ ಹೇಳಿಕೊಂಡು ತಿರುಗಿದರು. ಟಿವಿಯವರು ಚರ್ಚೆಗೆ ಕರೆದರು. ಹೋಗಿ ಕೂತರೆ ಉಳಿದವರ ಕೂಗಾಟದಲ್ಲಿ ಅವನ ಸ್ವರವೇ ಕೇಳುತ್ತಿರಲಿಲ್ಲ. ಹೋಗುವುದು ಬಿಟ್ಟ, ಅವರೂ ಕರೆಯುವುದು ಬಿಟ್ಟರು. ವಿಭಾಗಕ್ಕೆ ಅಂಕಿಸಂಖ್ಯೆಯ ನಕ್ಷೆ ಹಿಡಿದುಕೊಂಡ ಹೊಸಬರು ಬಂದರು. ಅವನ ಕೆಲಸ ಮಾತ್ರ ವರ್ಷ ವರ್ಷ ಮುಂದುವರಿಸುವ ತಾತ್ಕಾಲಿಕ ಕೆಲಸವಾಗಿಯೇ ಉಳಿಯಿತು. ಈ ವರ್ಷ ಒಂದು ಕಾಯಂ ಹುದ್ದೆ ಖಾಲಿಯಾಗಿತ್ತು. ಅವನ ವಯಸ್ಸಿಗೆ ಇದೇ ಕೊನೆಯದು.

ವಿಭಾಗದ ಮುಖ್ಯಸ್ಥೆ ಒಂದು ಕಾಲಕ್ಕೆ ಅವನ ವಿದ್ಯಾರ್ಥಿನಿ. ಅವಳೇ ಕರೆದು ಹೇಳಿದ್ದಳು: "ಸಾರ್, ನಿಮ್ಮದೆಲ್ಲ ಓದಿ ಬರೆದಿದ್ದು. ಅಲ್ಲಿ ಕೆಲಸ ಮಾಡೋರ ಬಾಯಿಂದ ಬಂದ ಒಂದು ಸಾಲೂ ಇಲ್ಲ. ಹುದ್ದೆಯ ಸಮಿತಿಯವರು ಅದನ್ನೇ ಕೇಳ್ತಾರೆ."

ಮಗಳು ಆ ಕಟ್ಟಡಕ್ಕೆ ಕೆಲಸಕ್ಕೆ ಸೇರಿದಾಗ ಅಪ್ಪ ಅವಳೊಂದಿಗೆ ಮಾತು ಬಿಟ್ಟಿದ್ದ. ನನ್ನ ಮಗಳು ಅಲ್ಲಿಗಾ ಎಂದಿದ್ದ. ಮನೆ ಬಾಡಿಗೆಗೆ ಅವಳ ಸಂಬಳ ಕೂಡಿಕೊಂಡ ಮೇಲೆ ಆ ಮುನಿಸು ತಾನಾಗಿ ಇಳಿದಿತ್ತು, ಆದರೆ ಅವಳ ಕೆಲಸದ ಬಗ್ಗೆ ಅವನು ಒಂದು ದಿನವೂ ಕೇಳಿರಲಿಲ್ಲ. ಈಗ ಕೇಳತೊಡಗಿದ. ಅವಳು ಬರುವ ಹೊತ್ತಿಗೆ ತಾನೇ ಟೀ ಮಾಡಿಡುತ್ತಿದ್ದ. ಸಕ್ಕರೆ ಜಾಸ್ತಿ, ಪುಡಿ ಕಡಿಮೆ. ಅವಳು ಅದನ್ನೇ ಕುಡಿದು, ಕುರ್ಚಿಯ ಮೇಲೆ ಕಾಲು ಮಡಚಿ ಕೂತು ಹೇಳುತ್ತಿದ್ದಳು. ಒಂದು ದಿನ ಪಾತ್ರೆ ತೊಳೆಯುವಾಗ ಅಮ್ಮನಿಗೆ ಮೆಲ್ಲಗೆ ಅಂದಳು:

"ಅಪ್ಪ ಸರಿಹೋದ, ಅಲ್ವಾ ಅಮ್ಮ?"

ಅಮ್ಮ ಬಾಣಲೆ ಉಜ್ಜುತ್ತ "ಹೂಂ" ಎಂದಳು.

ವಿಶ್ವವಿದ್ಯಾಲಯದಲ್ಲಿ ಅಪ್ಪನ ಉಪನ್ಯಾಸವಿದ್ದ ದಿನ ಅಮ್ಮ ಅವನ ಬಿಳಿ ಅಂಗಿಗೆ ಇಸ್ತ್ರಿ ಹಾಕಿ, ಸಡಿಲವಾಗಿದ್ದ ಗುಂಡಿಯನ್ನು ಬಿಗಿ ಮಾಡಿ, ತಾನೂ ಜೊತೆಗೆ ಹೋದಳು. ಮಗಳಿಗೆ ರಜೆ ಸಿಕ್ಕಿರಲಿಲ್ಲ. ಸಭಾಂಗಣ ತುಂಬಿತ್ತು. ಅಮ್ಮ ಹಿಂದಿನ ಸಾಲಿನಲ್ಲಿ ಕೂತಳು. ಅಪ್ಪ ಮಾತಾಡುತ್ತ ಹೋದ, ಅವಳಿಗೆ ಗೊತ್ತಿದ್ದ ಮಾತು, ಗೊತ್ತಿಲ್ಲದ ಮಾತು. ಆಮೇಲೆ ನಿಲ್ಲಿಸಿ ನೀರು ಕುಡಿದು, ಒಬ್ಬ ವಯಸ್ಸಾದ ಕೆಲಸಗಾರನ ಕಥೆ ಹೇಳಿದ. ಬೇರೆ ಊರು, ಬೇರೆ ಕಂಪನಿ. ಆ ಮುದುಕ ತನ್ನ ಪಕ್ಕದ ಹುಡುಗ ನೋಡಬಾರದೆಂದು ಮೇಜು ತಟ್ಟುತ್ತಾನೆ. "ಹೀಗೆ," ಎಂದು ಅಪ್ಪ ಮೈಕಿನ ಪಕ್ಕ ಎರಡು ಬೆರಳು ತಟ್ಟಿದ. ಟಕ್ ಟಕ್. "ಇಬ್ಬರೂ ಯಾಕೆ ನೋಡಬೇಕು ಅನ್ನುತ್ತಾನೆ ಅವನು. ಇಷ್ಟು ದೊಡ್ಡ ಯಂತ್ರದೊಳಗೆ ಉಳಿದಿರುವ ಮನುಷ್ಯತ್ವ ಇಷ್ಟೇ, ಎರಡು ಬೆರಳಿನಷ್ಟು." ಚಪ್ಪಾಳೆ ಬಹಳ ಹೊತ್ತು ನಿಲ್ಲಲಿಲ್ಲ. ಅಮ್ಮನ ಕೈ ಮಡಿಲಿನಲ್ಲೇ ಇತ್ತು.

ಬಸ್ಸಿನಲ್ಲಿ ಅವಳು ಕೇಳಿದಳು. "ಅವಳನ್ನ ಒಂದು ಮಾತು ಕೇಳಿದ್ರಾ?"

"ಯಾರನ್ನ?"

"ರೀ."

"ಹೆಸರು ಹೇಳಿಲ್ಲವಲ್ಲ," ಎಂದ ಅಪ್ಪ. "ಊರು ಬದಲಾಯಿಸಿದೀನಿ. ಹುಡುಗೀನ ಮುದುಕ ಮಾಡಿದೀನಿ. ಇನ್ನೇನು ಮಾಡಲಿ? ವಿದ್ಯಾರ್ಥಿಗಳಿಗೆ ನಾನೇ ಕಲಿಸೋದು ಇದನ್ನ."

"ತಟ್ಟೋದನ್ನ ಬದಲಾಯಿಸಿಲ್ಲ."

"ಅದನ್ನ ಬದಲಾಯಿಸಿದ್ರೆ ಉಳಿಯೋದೇನು ಹೇಳು."

ಅಮ್ಮ ಕಿಟಕಿಯ ಹೊರಗೆ ನೋಡಿದಳು. ಅಪ್ಪನ ಮುಖ ಎಷ್ಟೋ ವರ್ಷದ ಮೇಲೆ ಬೆಳಗಿತ್ತು. ಇವತ್ತೊಂದು ದಿನ ಬೇಡ ಎಂದುಕೊಂಡಳು. ಮರುದಿನ ನೀರು ಬರಲಿಲ್ಲ, ಅದರ ಮರುದಿನ ಅಜ್ಜಿಗೆ ಜ್ವರ. ಮಗಳಿಗೆ ಹೇಳುವುದು ಹಾಗೇ ಉಳಿಯಿತು.

ಒಂದು ಭಾನುವಾರ ಬೆಳಿಗ್ಗೆ ಮಗಳು ಅಜ್ಜಿಯ ತಲೆ ಬಾಚುತ್ತಿದ್ದಳು. ಅಜ್ಜಿಯ ಮಡಿಲಲ್ಲಿ ಫೋನು. ಕಿವಿ ಮಂದವಾದ್ದರಿಂದ ಅವಳು ಶಬ್ದ ಇಡುವುದೇ ಇಲ್ಲ. ಮಗಳಿಗೆ ಅದು ಆಗದು. ಶಬ್ದವಿಲ್ಲದ ಚಿತ್ರ ಕಂಡರೆ ಮುಂದೇನೋ ಕಾದಿದೆ ಎಂದು ಅವಳ ಎದೆ ಹೊಡೆದುಕೊಳ್ಳುತ್ತಿತ್ತು.

"ಅಜ್ಜಿ, ಸೌಂಡ್ ಇಡು ಅಂದಿಲ್ವಾ."

"ಯಾರಿಗೆ ಇಡಲಿ, ಗೋಡೆಗಾ? ಇಲ್ನೋಡು, ನಿಮ್ಮಪ್ಪ ಬಂದಿದಾನೆ. ಯಾಕೆ ಹೀಗೆ ಮೇಜು ಕುಟ್ತಿದಾನೆ ಇವನು?"

ಮಗಳು ಬಗ್ಗಿ ನೋಡಿದಳು. ಬಿಳಿ ಅಂಗಿಯ ಅಪ್ಪ, ಮೈಕು, ಎರಡು ಬೆರಳು. ವಿಡಿಯೊ ಮುಗಿದು ಮತ್ತೆ ಮೊದಲಿಂದ ಶುರುವಾಯಿತು. ಎರಡು ಬೆರಳು. ಶಬ್ದವಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಬಾಚಣಿಗೆ ಅಜ್ಜಿಯ ಕೂದಲಲ್ಲೇ ಸಿಕ್ಕಿಕೊಂಡು ನಿಂತಿತು.

ಅಪ್ಪ ಒಳಗಿನ ಕೋಣೆಯಿಂದ ಲ್ಯಾಪ್‌ಟಾಪ್ ಹಿಡಿದುಕೊಂಡೇ ಬಂದ. ವಿಶ್ವವಿದ್ಯಾಲಯದವರು ಒಂದು ತುಣುಕು ಕತ್ತರಿಸಿ ಹಾಕಿದ್ದಾರೆ, ಎಷ್ಟು ಜನ ನೋಡಿದ್ದಾರೆ ಗೊತ್ತಾ, ಇದೇ ಕೆಲಸ ಮಾಡುವವರೇ ಕೆಳಗೆ ಬರೆಯುತ್ತಿದ್ದಾರೆ ಎಂದು ಹೇಳುತ್ತ ಬಂದವನು ಮಗಳ ಮುಖ ನೋಡಿ ನಿಂತ.

"ತೆಗಿಸು," ಎಂದಳು ಮಗಳು.

"ಪುಟ್ಟಿ, ಅದರಲ್ಲಿ ನೀನು ಎಲ್ಲೂ ಇಲ್ಲ."

"ಅದು ನಾನಲ್ಲವೇ ಅಲ್ಲ ಅಪ್ಪ. ಅದು ಗುಬ್ಬಿ. ಇಡೀ ಆಫೀಸಲ್ಲಿ ಹಾಗೆ ತಟ್ಟೋಳು ಅವಳೊಬ್ಬಳೇ. ತೆಗಿಸು."

ಅಪ್ಪ ಫೋನ್ ಮಾಡಿದ. ಸಂಜೆಯೊಳಗೆ ತೆಗೆದರು. ಅಷ್ಟರಲ್ಲಿ ಅದನ್ನು ಯಾರುಯಾರೋ ಇಳಿಸಿಕೊಂಡು, ಹಾಡು ಸೇರಿಸಿ, ತಮ್ಮ ತಮ್ಮ ಮೇಜು ತಟ್ಟಿ ಮತ್ತೆ ಏರಿಸಿಬಿಟ್ಟಿದ್ದರು.

"ನಿನ್ನ ಪುಸ್ತಕದಲ್ಲೇ ಇದೆಯಲ್ಲ ಇದು," ಎಂದು ಮಗಳು ಎದ್ದು ಹೋದಳು. ಆ ರಾತ್ರಿ ಅವಳ ತಟ್ಟೆಯಲ್ಲಿ ಅನ್ನ ಹಾಗೇ ಉಳಿಯಿತು.

ಆ ವಾರವೇ ಗುಬ್ಬಿಯನ್ನು ಕೆಲಸದಿಂದ ನಿಲ್ಲಿಸಿ ಮನೆಗೆ ಕಳಿಸಿದರು. ಆಫೀಸಿನ ಕ್ಯಾಮೆರಾದಲ್ಲಿ ಹಳೆಯದನ್ನೆಲ್ಲ ತೆಗೆದು, ತಟ್ಟುವ ಕೈ ಯಾವುದೆಂದು ನೋಡಿದ್ದರು. ಎಲ್ಲದರಲ್ಲೂ ಅವಳದೇ ಕೈ. ಮಗಳದು ಬರೀ ಕತ್ತು ತಿರುಗಿಸುವುದು. ಹೊರಗೆ ಹೇಳಿದವಳು ಗುಬ್ಬಿಯೇ ಎಂದು ಲೆಕ್ಕ ಹಾಕಿದರು. ವಿಚಾರಣೆ ಇನ್ನೂ ಬಾಕಿ ಇತ್ತು. ಯಾರಿಗೆ ಹೇಳಿದೆ, ಪಕ್ಕದವಳೂ ಸೇರಿದ್ದಾಳಾ ಎಂದು ಕೇಳಿದಾಗ ಗುಬ್ಬಿ ಇಲ್ಲ ಎಂದಷ್ಟೇ ಹೇಳಿದ್ದಳು.

ಮಗಳು ಅಪ್ಪನ ಎದುರು ನಿಂತಳು. ಅವನು ಒಣಗಿದ ಬಟ್ಟೆ ಮಡಚುತ್ತಿದ್ದ.

"ಒಂದು ಕೆಲಸ ಮಾಡು. ವಿಚಾರಣೆಗೆ ಬಂದು ಹೇಳು. ಈ ಹುಡುಗಿ ನನಗೆ ಏನೂ ಹೇಳಿಲ್ಲ, ಇವಳನ್ನ ನಾನು ನೋಡೇ ಇಲ್ಲ ಅಂತ. ನೀನು ದೊಡ್ಡ ಮನುಷ್ಯ, ನಿನ್ನ ಮಾತು ಕೇಳ್ತಾರೆ. ಎಚ್ಚರಿಕೆ ಕೊಟ್ಟು ಬಿಡ್ತಾರೆ."

"ಮತ್ತೆ ಯಾರು ಹೇಳಿದ್ರು ಅಂತ ಕೇಳ್ತಾರೆ."

"ಮಗಳು ಅನ್ನು."

"ನಿನ್ನ ಕೆಲಸ ಹೋಗುತ್ತೆ."

"ಹೋಗಲಿ."

ಅಪ್ಪ ಒಂದು ದಿಂಬಿನ ಚೀಲವನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದ. "ನಿನ್ನ ಮೇಲೆ ಕೇಸ್ ಹಾಕಬಹುದು. ನಿನಗೋಸ್ಕರ ಹೇಳ್ತಿದೀನಿ."

"ನನಗೋಸ್ಕರ ಅಲ್ಲ."

ಅಡುಗೆಮನೆಯಲ್ಲಿ ಕುಕ್ಕರಿನ ಶಬ್ದ ನಿಂತ ಮೇಲೆ ಅವನೇ ಹೇಳಿದ. ಸಂಶೋಧನೆಗೆ ಯಾರ ಮಾತು ಬಳಸಿದರೂ ಅವರ ಒಪ್ಪಿಗೆ ಬೇಕು, ಅದು ನಿಯಮ. ಊಟದ ಮೇಜಿನಿಂದ ಎತ್ತಿದ್ದೆಂದು ಗೊತ್ತಾದರೆ ಹುದ್ದೆಯ ಸಮಿತಿ ಅವನ ಅರ್ಜಿ ಬದಿಗಿಡುತ್ತದೆ. "ಸಂದರ್ಶನ ಒಂದು ಮುಗೀಲಿ. ಮಾರನೇ ದಿನವೇ ಬರ್ತೀನಿ."

"ವಿಚಾರಣೆ ಅದಕ್ಕಿಂತ ಮುಂಚೆ ಇದೆ ಅಪ್ಪ."

"ಮುಂದಕ್ಕೆ ಹಾಕೋಕೆ ಕೇಳಿ."

ಮಗಳು ಮಡಚಿಟ್ಟ ಬಟ್ಟೆಯಲ್ಲಿ ತನ್ನದನ್ನು ಆರಿಸಿಕೊಂಡು ಒಳಗೆ ಹೋದಳು.

ಮನೆಯಲ್ಲಿ ಮಾತು ಕಡಿಮೆಯಾಯಿತು. ಮಗಳು ಅಡುಗೆಮನೆಯಲ್ಲಿ ನಿಂತೇ ತಿಂದು ಹೊರಡುತ್ತಿದ್ದಳು. ಅಪ್ಪ ಮಾಡಿಟ್ಟ ಟೀ ಆರಿ ಕೆನೆಗಟ್ಟುತ್ತಿತ್ತು. ಅಮ್ಮ ಅದನ್ನು ಬಿಸಿ ಮಾಡಿ ತಾನೇ ಕುಡಿಯುತ್ತಿದ್ದಳು, ಚೆಲ್ಲಲು ಮನಸ್ಸು ಬಾರದೆ.

ಒಂದು ಮಧ್ಯಾಹ್ನ ಬಾಗಿಲು ತಟ್ಟಿದ್ದು ಒಬ್ಬ ಸಣಕಲು ಹುಡುಗಿ. ಕೈಯಲ್ಲಿ ಮಗಳ ಊಟದ ಡಬ್ಬಿ, ಮಡಚಿದ ಸ್ವೆಟರು. ಬಾಗಿಲು ತೆರೆದ ಅಪ್ಪ ಅವಳನ್ನು ಗುರುತಿಸಲಿಲ್ಲ.

"ಅವಳು ಇಲ್ವಾ ಸಾರ್? ಇದು ನನ್ನ ಲಾಕರಲ್ಲಿ ಉಳಿದಿತ್ತು." ಅವಳು ಅವನ ಮುಖ ನೋಡಿ ಹೇಳಿದಳು, "ನಿಮ್ಮ ವಿಡಿಯೊ ನೋಡಿದೆ. ಚೆನ್ನಾಗಿ ಮಾತಾಡ್ತೀರ."

ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಅವಳನ್ನು ಒಳಗೆ ಕರೆದು ಕೂರಿಸಿದಳು. ಮೊಟ್ಟೆ ಬೇಯಿಸಿ, ಬ್ರೆಡ್ಡು ಸುಟ್ಟು ಕೊಟ್ಟಳು. ಹುಡುಗಿ ಬ್ರೆಡ್ಡಿನ ಅಂಚು ಮುರಿದು ಮುರಿದು ತಿಂದಳು. ಅಜ್ಜಿ ಅವಳ ಕೈ ಹಿಡಿದು ನೋಡಿ, "ನಮ್ಮ ಪುಟ್ಟಿಗಿಂತ ಕಡ್ಡಿ ನೀನು. ನಿಮ್ಮನೇಲಿ ಒಲೆ ಹಚ್ಚಲ್ವೇನೇ?" ಎಂದಳು. ಹುಡುಗಿ ನಕ್ಕಳು. ಮನೆಯಲ್ಲಿ ತಮ್ಮಂದಿರು ಇಬ್ಬರು, ಅಮ್ಮನಿಗೆ ಮೊಣಕಾಲು ನೋವು, ದುಡಿಯುವ ಕೈ ತನ್ನದೊಂದೇ ಎಂದು ಅಜ್ಜಿಯ ಕಿವಿಗೆ ಕೂಗಿ ಹೇಳಿದಳು.

ಅಪ್ಪ ಎದುರಿನ ಕುರ್ಚಿಯ ತುದಿಯಲ್ಲಿ ಕೂತಿದ್ದ. ಏನಾದರೂ ಮಾಡಬೇಕೆಂದು ಅವನಿಗೆ ನಿಜಕ್ಕೂ ಅನ್ನಿಸುತ್ತಿತ್ತು. ಅಮ್ಮನಿಗೆ ಅದು ಕಾಣುತ್ತಿತ್ತು. ಗಂಟಲು ಸರಿಮಾಡಿಕೊಂಡು ಹೇಳಿದ:

"ನೋಡಮ್ಮ, ನಿನ್ನ ಅನುಭವ ನೀನೇ ಹೇಳೋ ಹಾಗಿದ್ರೆ... ನಾನು ರೆಕಾರ್ಡ್ ಮಾಡ್ಕೋತೀನಿ. ನಿನ್ನ ಒಪ್ಪಿಗೆ ತಗೊಂಡೇ, ಕ್ರಮವಾಗಿ. ಇದು ಹೊರಗೆ ಬರಬೇಕಾದ ವಿಷಯ."

ಹುಡುಗಿ ತಟ್ಟೆಯಲ್ಲಿ ಉದುರಿದ ಚೂರನ್ನು ಬೆರಳಿನಿಂದ ಒತ್ತಿ ತೆಗೆದಳು. "ಮೊದಲೇ ಕೇಳಿದ್ರೆ ಹೇಳ್ತಿದ್ದೆ ಸಾರ್," ಎಂದಳು. ಸ್ವರದಲ್ಲಿ ಸಿಟ್ಟಿರಲಿಲ್ಲ. ಎದ್ದು, ತಟ್ಟೆಯನ್ನು ತಾನೇ ತೊಳೆದಿಟ್ಟಳು. ಬಾಗಿಲ ಬಳಿ ಅಮ್ಮನಿಗೆ ಅಂದಳು, "ಅವಳಿಗೆ ಹೇಳಿ ಆಂಟಿ, ಅಲ್ಲಿ ಬಾಯಿ ಬಿಡಬೇಡ ಅಂತ. ಒಬ್ಬಳಾದ್ರೂ ಉಳೀಲಿ."

ಅವಳು ಹೋದ ಮೇಲೆ ಅಮ್ಮ ಅಪ್ಪನ ಮುಂದೆ ಬಂದು ನಿಂತಳು. ಅವಳು ಜಗಳವಾಡುವವಳಲ್ಲ.

"ಹೋಗಿ ಹೇಳಿ ಬನ್ನಿ. ಹುದ್ದೆ ಹೋದ್ರೆ ಹೋಗಲಿ, ಚಿಕ್ಕ ಮನೆಗೆ ಹೋಗೋಣ. ನಾನು ಎಲ್ಲಾದ್ರೂ ಅಡುಗೆಗೆ ಸೇರ್ತೀನಿ."

"ನಿನಗೆ ಗೊತ್ತಾಗಲ್ಲ," ಎಂದ ಅಪ್ಪ. "ಇಷ್ಟು ವರ್ಷ ಬರೆದಿದ್ದಕ್ಕೆಲ್ಲ ಬೆಲೆ ಇಲ್ಲದ ಹಾಗಾಗುತ್ತೆ."

"ಈಗ ಇದೆಯಾ?"

ಅವನು ಹುಡುಗಿ ತಂದಿಟ್ಟ ಡಬ್ಬಿಯ ಮುಚ್ಚಳ ತೆಗೆದು ಮತ್ತೆ ಮುಚ್ಚಿದ. ಅಮ್ಮನಿಗೆ ಅವನ ಮೇಲೆ ಕರುಣೆಯೂ ಬಂತು. ಆದರೆ ಅವಳು ಕೈ ಹಿಡಿಯಲಿಲ್ಲ.

ವಿಚಾರಣೆಯ ದಿನ ಅಪ್ಪ ಬೆಳಿಗ್ಗೆಯೇ ಬಟ್ಟೆ ಹಾಕಿಕೊಂಡ. ಬೂಟು ಹಾಕಿದ. ಬಾಗಿಲವರೆಗೆ ಹೋದ. ಮಗಳು ಚೀಲ ಹೆಗಲಿಗೇರಿಸಿ ಕಾಯುತ್ತ ನಿಂತಿದ್ದಳು. ಅವನು ನಿಂತೇ ಇದ್ದ. "ಸ್ವಲ್ಪ ಎದೆ ಹಿಡಿದ ಹಾಗಿದೆ," ಎಂದು ಕುರ್ಚಿಯಲ್ಲಿ ಕೂತ. ಮಗಳು ಒಂದು ಲೋಟ ನೀರು ತಂದು ಅವನ ಪಕ್ಕ ಇಟ್ಟು, ಒಬ್ಬಳೇ ಹೋದಳು.

ಅಲ್ಲಿ ತಾನೇ ಹೇಳಿದ್ದೆಂದು ಹೇಳಿದಳು. ಗೆಳತಿಯನ್ನು ಉಳಿಸಲು ಹೇಳುತ್ತಿದ್ದೀಯ ಎಂದರು ಮೊದಲು. ವಿಡಿಯೊದಲ್ಲಿರುವವನು ನಮ್ಮಪ್ಪ ಎಂದಾಗ ನಂಬಿದರು. ಹೇಳಿದ್ದಕ್ಕೆ ಇವಳನ್ನೂ, ತಟ್ಟಿದ್ದಕ್ಕೆ ಗುಬ್ಬಿಯನ್ನೂ ತೆಗೆದರು. ವಿಷಯ ಹೊರಗೆ ಹೋದರೆ ಕಂಪನಿಗೇ ಕೆಟ್ಟ ಹೆಸರೆಂದು ಕಾಗದ ಪತ್ರ ಮಾಡದೆ ಮುಗಿಸಿದರು. ಹಾಗಾಗಿ ವಿಶ್ವವಿದ್ಯಾಲಯಕ್ಕೆ ಏನೂ ತಿಳಿಯಲಿಲ್ಲ.

ಅಪ್ಪನಿಗೆ ಹುದ್ದೆ ಸಿಕ್ಕಿತು.

ಅವನು ಸುದ್ದಿ ತಂದ ಸಂಜೆ ಅಮ್ಮ ಬೇಳೆ ತೊಳೆಯುತ್ತಿದ್ದಳು. "ಒಳ್ಳೇದಾಯ್ತು," ಎಂದು ನೀರು ಬಸಿದಳು. ಅಜ್ಜಿ ಮಾತ್ರ ಮಗನ ತಲೆ ಸವರಿ, "ಇನ್ನಾದ್ರೂ ಹೊಟ್ಟೆ ತುಂಬಾ ತಿನ್ನೋ," ಎಂದಳು. ಅವನು ಬಟ್ಟೆ ಬದಲಿಸಲು ಒಳಗೆ ಹೋದ.

ಮಗಳು ಹಿಂಬಾಗಿಲಿನಿಂದ ಬಂದಳು. ಕೂದಲಿಗೆ ಸೋಪಿನ ಪುಡಿಯ ವಾಸನೆ. ಗುಬ್ಬಿಗೆ ಒಂದು ಹೋಟೆಲಿನ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಸಿಕ್ಕಿತ್ತು, ಅವಳೇ ಇವಳನ್ನೂ ಸೇರಿಸಿದ್ದಳು. ಅರ್ಧ ಸಂಬಳ, ದಿನವಿಡೀ ನಿಂತೇ ಇರಬೇಕು.

"ಬರೀ ಬಿಳಿ ಬಟ್ಟೆ ಅಮ್ಮ," ಎಂದಳು ಮಗಳು ಕುರ್ಚಿ ಎಳೆದುಕೊಂಡು. "ನೋಡೋದಕ್ಕೆ ಏನೂ ಇಲ್ಲ. ಮಿಷನ್ ಸದ್ದು ಮಾತ್ರ. ಗುಬ್ಬಿ ಹಾಡ್ತಾಳೆ, ಯಾರಿಗೂ ಕೇಳ್ಸಲ್ಲ."

"ಕೈ ತೋರಿಸು."

ಬೆರಳ ತುದಿಗಳು ನೆನೆದು ಸುಕ್ಕಾಗಿದ್ದವು. ಅಮ್ಮ ಎಣ್ಣೆ ತಂದು ಹಚ್ಚತೊಡಗಿದಳು.

"ಅಮ್ಮ, ಇನ್ನೊಂದು ವಿಷಯ. ಗುಬ್ಬಿ ಮನೆ ಮೇಲೆ ಒಂದು ರೂಮ್ ಖಾಲಿ ಇದೆ. ನಾನು ಅಲ್ಲಿಗೆ ಹೋಗೋಣ ಅಂತ. ಗುಬ್ಬಿ ಅಮ್ಮನಿಗೂ ಒಬ್ಬರು ಬೇಕು, ರಾತ್ರಿ ಅವಳು—"

ನಡುಮನೆಯಲ್ಲಿ ಅಪ್ಪನ ಚಪ್ಪಲಿಯ ಸದ್ದಾಯಿತು. ಅಮ್ಮನ ಎಣ್ಣೆಗೈ ಮೇಜಿನ ಮೇಲೆ ಎರಡು ಬೆರಳು ತಟ್ಟಿತು.

ಮಗಳು ಬಾಯಿ ಮುಚ್ಚಿದಳು.

ಹಾಗೆ ಮಾಡಬೇಕೆಂದು ಅಮ್ಮ ಅಂದುಕೊಂಡಿರಲಿಲ್ಲ. ಮೇಜಿನ ಮೇಲೆ ಎಣ್ಣೆಯ ಎರಡು ಚುಕ್ಕೆ ಉಳಿದವು. ಅಪ್ಪ ಬಾಗಿಲಲ್ಲಿ ನಿಂತಿದ್ದ. ಅಮ್ಮ ತಟ್ಟಿದ್ದು ಅವನಿಗೆ ಕೇಳಿತ್ತು, ಕಂಡಿತ್ತು ಕೂಡ.

"ಏನು ಮಾತಾಡ್ತಿದ್ರಿ?" ಎಂದ.

"ಬೇಳೆ ಬೆಂದಿಲ್ಲ ಅಂತಿದ್ರು," ಎಂದಳು ಏನೂ ಕೇಳದ ಅಜ್ಜಿ, ಫೋನಿನಿಂದ ತಲೆಯೆತ್ತದೆ.

ಅಮ್ಮ ಎದ್ದು ತಟ್ಟೆ ಹಾಕಿದಳು. ಅನ್ನ ಬಡಿಸಿದಳು, ಬೇಳೆ ಬಡಿಸಿದಳು, ಎಲ್ಲರಿಗೂ ಒಂದೇ ಸಮ. ಅಪ್ಪ ತನ್ನ ಕುರ್ಚಿಗೆ ಬಂದು, ಕೂರುವ ಮೊದಲು ಅದನ್ನು ಸ್ವಲ್ಪ ಓರೆ ಮಾಡಿಕೊಂಡ. ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು, ಗೋಡೆಯ ಕಡೆ ಮುಖ ಮಾಡಿ ಉಣ್ಣತೊಡಗಿದ.